ನೀರಿನೊಳಗೆ ಕೇಳಿಸದ ಮಾತು: ರೇಡಿಯೊ ಜಲಾಂತರ್ಗಾಮಿಯ ಕಥೆ

ಲವ್‌ಡೇಲ್ ಇರುವುದು ಸಮುದ್ರಮಟ್ಟಕ್ಕಿಂತ ಏಳು ಸಾವಿರ ಅಡಿಗೂ ಎತ್ತರದಲ್ಲಿ. ಕೂನೂರಿನಿಂದ ಏದುಸಿರು ಬಿಡುತ್ತಾ ಹತ್ತುವ ಪುಟ್ಟ ರೈಲು ಕೇತ್ತಿ ದಾಟಿದ ಮೇಲೆ ಸಿಗುವ ನಿಲ್ದಾಣ. ಇಲ್ಲಿ ಕಡಲಿಲ್ಲ, ಬಂದರಿಲ್ಲ, ಹಡಗಂತೂ ಇಲ್ಲವೇ ಇಲ್ಲ. ಇಂಥ ಬೆಟ್ಟದ ನೆತ್ತಿಯನ್ನು ಮುಂದಿಟ್ಟುಕೊಂಡು ನಾವು ಜಲಾಂತರ್ಗಾಮಿಯ ಬಗ್ಗೆ ಬರೆಯಲು ಹೊರಟಿದ್ದೇವೆ ಎಂದರೆ ನಗಬೇಡಿ ಗೆಳೆಯರೆ, ಕಾರಣ ಇದೆ!

ಲವ್‌ಡೇಲ್‌ನಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಮುತ್ತೊರೈ. ಅಲ್ಲಿ ಗುಡ್ಡದ ಇಳಿಜಾರಿನ ಮೇಲೆ 530 ಮೀಟರ್ ಉದ್ದ, 30 ಮೀಟರ್ ಅಗಲದ ಒಂದು ದೊಡ್ಡ ರೇಡಿಯೊ ದೂರದರ್ಶಕ ಮಲಗಿದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗೋವಿಂದ ಸ್ವರೂಪ್ ಅವರ ನೇತೃತ್ವದಲ್ಲಿ 1970ರಲ್ಲಿ ಸಿದ್ಧವಾದದ್ದು. ಆ ಗುಡ್ಡದ ಇಳಿಜಾರು ಸುಮಾರು 11 ಡಿಗ್ರಿ, ಊಟಿಯ ಅಕ್ಷಾಂಶವೂ ಸುಮಾರು 11 ಡಿಗ್ರಿ. ಹಾಗಾಗಿ ದೂರದರ್ಶಕದ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ ಕೂತಿತು. ಒಂದೇ ಅಚ್ಚಿನ ಮೇಲೆ ನಿಧಾನವಾಗಿ ತಿರುಗಿಸಿದರೆ ಸಾಕು, ಆಕಾಶದ ಒಂದು ಬಿಂದುವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಕೋಟ್ಯಂತರ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಗಳಿಂದ ಹೊರಟ ರೇಡಿಯೊ ಅಲೆ ಇಲ್ಲಿಗೆ ಬಂದು ಮುಟ್ಟುತ್ತದೆ.

ಈಗ ಅಲ್ಲಿಂದ ಊಟಿ ಕೆರೆಗೆ ಬನ್ನಿ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ಕಟ್ಟಿಸಿದ ಕೆರೆ ಇದು. ಅಂಗಡಿಯಲ್ಲಿ ಸಿಗುವ ಈಗಿನ ಆಟಿಕೆ ರಿಮೋಟುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಅಂಥದೊಂದನ್ನು ಹಿಡಿದು ದಡದಲ್ಲಿ ನಿಂತರೆ, ಅದರ ಮಾತು ಇಂಥ ಕೆರೆಯ ನೀರಿನೊಳಗೆ ಒಂದು ಗೇಣು ಆಳಕ್ಕೆ ಇಳಿಯುವಷ್ಟರಲ್ಲಿ ಸತ್ತೇಹೋಗುತ್ತದೆ! ಗೆಲಾಕ್ಸಿಯ ಮಾತು ಬೆಟ್ಟಕ್ಕೆ ಕೇಳಿಸುತ್ತದೆ, ದಡದ ಮಾತು ಗೇಣುದ್ದ ನೀರಿಗೆ ಕೇಳಿಸುವುದಿಲ್ಲ. ಯಾಕೆ? ರೇಡಿಯೊದಿಂದ ನಡೆಸುವ ಮಾದರಿ ಜಲಾಂತರ್ಗಾಮಿಯ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ಸುತ್ತುತ್ತದೆ.

ಮೊದಲು ಮುಳುಗುವ ಕಥೆ ನೋಡೋಣ. ಜಲ, ಅಂತರ್, ಗಾಮಿ ಎಂದು ಬಿಡಿಸಿದರೆ ಜಲಾಂತರ್ಗಾಮಿ ಎಂದರೆ ನೀರಿನೊಳಗೆ ಹೋಗುವಂಥದ್ದು. 1620ರಲ್ಲಿ ಹಾಲೆಂಡಿನ ಕೊರ್ನೆಲಿಸ್ ಡ್ರೆಬೆಲ್ ಲಂಡನ್ನಿನ ಥೇಮ್ಸ್ ನದಿಯಲ್ಲಿ ಹುಟ್ಟು ಹಾಕಿ ನಡೆಸುವ ಮುಳುಗುದೋಣಿಯನ್ನು ತೋರಿಸಿದರು. 1648ರಲ್ಲಿ ಇಟಲಿಯ ರಫಾಯೆಲೊ ಮಾಜಿಯೊಟ್ಟಿ ಒಂದು ಚಿಕ್ಕ ಆಟಿಕೆಯನ್ನು ವಿವರಿಸಿ ಬರೆದರು. ನೀರು ತುಂಬಿದ ಪಾತ್ರೆಯಲ್ಲಿ ಗಾಳಿಗುಳ್ಳೆ ಇರುವ ಸಣ್ಣ ಗಾಜಿನ ಗೊಂಬೆ. ನೀರನ್ನು ಒತ್ತಿದರೆ ಮುಳುಗುತ್ತದೆ, ಬಿಟ್ಟರೆ ಏಳುತ್ತದೆ. ಹೆಸರು ಮಾತ್ರ ದೆಕಾರ್ತ್‌ಗೆ ಹೋಯಿತು, 'ಕಾರ್ಟೀಸಿಯನ್ ಮುಳುಗುಗಾರ' ಎಂದೇ ಕರೆಯುತ್ತಾರೆ. ನಾವು ಇದನ್ನು ತರಗತಿಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿ ಮತ್ತು ಪೆನ್ನಿನ ಮುಚ್ಚಳದಲ್ಲಿ ಮಾಡಿಸುತ್ತೇವೆ. ಮುಚ್ಚಳದ ತುದಿಗೆ ಸ್ವಲ್ಪ ಜೇಡಿಮಣ್ಣು ಮೆತ್ತಬೇಕು, ಅಷ್ಟೇ. ಬಾಟಲಿ ಹಿಸುಕಿದಾಗ ಮುಚ್ಚಳದೊಳಗಿನ ಗಾಳಿ ಕುಗ್ಗಿ ನೀರು ನುಗ್ಗುತ್ತದೆ, ತೂಕ ಹೆಚ್ಚಿ ಮುಚ್ಚಳ ಕೆಳಗಿಳಿಯುತ್ತದೆ. ನೌಕಾಪಡೆಯ ಜಲಾಂತರ್ಗಾಮಿಯ ತತ್ವವೂ ಇದೇ. ನೀರು ಒಳಗೆ ಬಿಟ್ಟುಕೊಂಡರೆ ಮುಳುಗು, ಹೊರಗೆ ದಬ್ಬಿದರೆ ತೇಲು.

ಇನ್ನು ರೇಡಿಯೊ ಕಥೆ. ದೂರದಿಂದ, ತಂತಿಯಿಲ್ಲದೆ ಒಂದು ಕೆಲಸ ಮಾಡಿಸಬಹುದು ಎಂದು ನಮ್ಮ ದೇಶದಲ್ಲಿ ತೋರಿಸಿದವರು ಜಗದೀಶ್ ಚಂದ್ರ ಬೋಸ್. 1895ರಲ್ಲಿ ಕಲ್ಕತ್ತದ ಟೌನ್ ಹಾಲಿನಲ್ಲಿ ಗೋಡೆಗಳನ್ನು ದಾಟಿ ಹೋದ ಅಲೆಯಿಂದ ಗಂಟೆ ಬಾರಿಸಿದರು, ಮದ್ದಿನ ಪುಡಿ ಹೊತ್ತಿಸಿದರು. ಮೂರೇ ವರ್ಷದಲ್ಲಿ, 1898ರಲ್ಲಿ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೋಲಾ ಟೆಸ್ಲಾ ಸುಮಾರು ನಾಲ್ಕು ಅಡಿಯ ಕಬ್ಬಿಣದ ದೋಣಿಯೊಂದನ್ನು ನೀರಿನ ತೊಟ್ಟಿಯಲ್ಲಿ ಬಿಟ್ಟು, ತಂತಿಯಿಲ್ಲದೆ ತಿರುಗಿಸಿ ತೋರಿಸಿದರು. ಒಳಗೆ ಬ್ಯಾಟರಿ, ಮೋಟಾರು, ಚುಕ್ಕಾಣಿ, ದೀಪ. ಅದೇ ವರ್ಷದ ನವೆಂಬರ್ 8ರಂದು ಅವರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು, ಸಂಖ್ಯೆ 6,13,809.

ಆ ದೋಣಿಗೆ ಬೇರೆ ಬೇರೆ ಆಜ್ಞೆಗಳಿಗೆ ಬೇರೆ ಬೇರೆ ಚಾನೆಲ್ ಇರಲಿಲ್ಲ. ಪ್ರತಿ ಸಂಕೇತಕ್ಕೂ ಒಳಗಿನ ಒಂದು ಚಕ್ರ ಒಂದೊಂದು ಹೆಜ್ಜೆ ಮುಂದೆ ಸರಿಯುತ್ತಿತ್ತು. ಚಕ್ರ ಎಲ್ಲಿ ನಿಲ್ಲುತ್ತದೋ ಅದರಂತೆ ಚುಕ್ಕಾಣಿ ಎಡಕ್ಕೆ, ಬಲಕ್ಕೆ, ಅಥವಾ ನೆಟ್ಟಗೆ. ಅರ್ಧ ಶತಮಾನದ ನಂತರ, 1950ರ ಸುಮಾರಿನ ಹವ್ಯಾಸಿಗಳೂ ರಬ್ಬರ್ ಬ್ಯಾಂಡಿನ ಬಲದಿಂದ ಹೀಗೇ ಹೆಜ್ಜೆ ಹೆಜ್ಜೆಯಾಗಿ ಚುಕ್ಕಾಣಿ ತಿರುಗಿಸುತ್ತಿದ್ದರು. 1960ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದ ಮೇಲೆಯೇ ಕೈ ಎಷ್ಟು ತಿರುಗಿತೋ ಚುಕ್ಕಾಣಿಯೂ ಅಷ್ಟೇ ತಿರುಗುವ ಸರ್ವೊ ಮೋಟಾರುಗಳು ಹವ್ಯಾಸಿಗಳ ಕೈಗೆ ಬಂದದ್ದು.

ಟೆಸ್ಲಾ ತಮ್ಮ ಯಂತ್ರವನ್ನು ಯುದ್ಧದ ಆಯುಧವಾಗಿಯೂ ಕಂಡಿದ್ದರು. ಆದರೆ ನಮಗೆ ಹೆಚ್ಚು ಹಿಡಿಸುವುದು ಸ್ಪೇನ್ ದೇಶದ ಲಿಯೊನಾರ್ಡೊ ಟೊರೆಸ್ ಕೆವೆಡೊ ಅವರ ಕಥೆ. ಹಾರುವ ವಾಯುನೌಕೆಗಳನ್ನು ಪರೀಕ್ಷಿಸುವಾಗ ಒಳಗೆ ಕೂತವರು ಸಾಯಬಾರದು ಎಂಬುದು ಅವರ ಚಿಂತೆ. ಅದಕ್ಕಾಗಿ 'ಟೆಲೆಕಿನೊ' ಎಂಬ ಸಾಧನ ಮಾಡಿ 1903ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. 1906ರಲ್ಲಿ ಬಿಲ್ಬಾವೊದಲ್ಲಿ ರಾಜನ ಎದುರೇ ದಡದಿಂದ ದೋಣಿ ನಡೆಸಿ ತೋರಿಸಿದರು. ರಿಮೋಟ್ ಎಂಬುದು ಬರೀ ಸೋಮಾರಿಗಳ ಸೌಕರ್ಯವಲ್ಲ, ಅದರ ಹುಟ್ಟಿನಲ್ಲೇ ಮನುಷ್ಯನ ಜೀವ ಉಳಿಸುವ ಆಸೆಯೂ ಇತ್ತು ಎಂಬುದನ್ನು ಮಕ್ಕಳಿಗೆ ಹೇಳಲೇಬೇಕು.

ಸರಿ, ಮುಳುಗುವುದೂ ಗೊತ್ತು, ರೇಡಿಯೊ ಕೂಡ ಗೊತ್ತು. ಎರಡನ್ನೂ ಸೇರಿಸಿದರೆ ಆಯಿತಲ್ಲ? ಇಲ್ಲಿಯೇ ತೊಡಕು. ನೀರು ರೇಡಿಯೊ ಅಲೆಯನ್ನು ನುಂಗುತ್ತದೆ. ಅಲೆ ಚಿಕ್ಕದಾದಷ್ಟೂ ಬೇಗ ನುಂಗುತ್ತದೆ. ನೀರಿನಲ್ಲಿ ಉಪ್ಪಿದ್ದರಂತೂ ಕೇಳುವುದೇ ಬೇಡ. 27 ಮೆಗಾಹರ್ಟ್ಸ್‌ನ ಹಳೆಯ ರಿಮೋಟು ಸಿಹಿನೀರಿನಲ್ಲಿ ಒಂದೆರಡು ಮೀಟರ್ ಆಳದ ಮಾದರಿಯನ್ನು ಮಾತನಾಡಿಸಬಲ್ಲದು. ಅದನ್ನೇ ಕಾರವಾರದ ಕಡಲಿಗೆ ಒಯ್ದರೆ ಐದು ಸೆಂಟಿಮೀಟರಿಗೇ ಅದರ ಬಲ ಮೂರರಲ್ಲಿ ಒಂದು ಪಾಲಿಗೆ ಇಳಿದುಬಿಡುತ್ತದೆ. 2000ದ ದಶಕದ ಕೊನೆಗೆ ವಿಮಾನ, ಕಾರು ಮಾದರಿಯವರೆಲ್ಲ 2.4 ಗಿಗಾಹರ್ಟ್ಸ್‌ಗೆ ಹೋದರೂ ಜಲಾಂತರ್ಗಾಮಿ ಮಾಡುವವರು ಮಾತ್ರ ಹಳೆಯ 27, 40, 75 ಮೆಗಾಹರ್ಟ್ಸ್ ಸೆಟ್ಟುಗಳನ್ನು ಜೋಪಾನವಾಗಿ ಇಟ್ಟುಕೊಂಡದ್ದು ಹಳೆಯದರ ಮೇಲಿನ ಮೋಹದಿಂದಲ್ಲ, ಭೌತಶಾಸ್ತ್ರದ ಕಟ್ಟಳೆಯಿಂದ.

ನಿಜವಾದ ನೌಕಾಪಡೆಗೂ ಇದೇ ಕಷ್ಟ. ಅದಕ್ಕೆ ಅವರು ಕಂಡುಕೊಂಡ ದಾರಿ ಅಲೆಯನ್ನು ದೊಡ್ಡದು ಮಾಡುವುದು. ನಮ್ಮ ತಮಿಳುನಾಡಿನಲ್ಲೇ, ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿ 1990ರಲ್ಲಿ ಆರಂಭವಾದ ಐಎನ್‌ಎಸ್ ಕಟ್ಟಬೊಮ್ಮನ್ ಇರುವುದು ಇದಕ್ಕಾಗಿಯೇ. ಅಲ್ಲಿಂದ ಹೊರಡುವ 18.2 ಕಿಲೋಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 16 ಕಿಲೋಮೀಟರ್! ಅದನ್ನು ಕಳಿಸಲು 400 ಮೀಟರಿಗೂ ಎತ್ತರದ ಗೋಪುರಗಳು ಬೇಕಾದವು. ಇಷ್ಟೆಲ್ಲ ಮಾಡಿದರೂ ಆ ಮಾತು ಕಡಲ ಮೇಲ್ಭಾಗದ ಹತ್ತಿಪ್ಪತ್ತು ಮೀಟರಿಗಷ್ಟೇ ಇಳಿಯುತ್ತದೆ. ಅದೂ ಒಮ್ಮುಖ ಮಾತು. ಜಲಾಂತರ್ಗಾಮಿ ಕೇಳಿಸಿಕೊಳ್ಳಬಹುದು, ಅದೇ ದಾರಿಯಲ್ಲಿ ಉತ್ತರ ಕೊಡಲಾರದು, ಅಷ್ಟು ದೊಡ್ಡ ಗೋಪುರ ಹೊತ್ತು ತಿರುಗುವುದು ಸಾಧ್ಯವೇ?

ಹಾಗಾದರೆ ಕೆರೆಯಲ್ಲಿ ಮಾದರಿ ಬಿಡುವ ಹವ್ಯಾಸಿ ಏನು ಮಾಡುತ್ತಾನೆ? ಅವನು ಕೇಳುವ ಪ್ರಶ್ನೆಯೇ ಬೇರೆ. ನನ್ನ ಮಾತು ಎಷ್ಟು ದೂರ ಮುಟ್ಟುತ್ತದೆ ಎಂದಲ್ಲ, ನನ್ನ ಮಾತು ಮುಟ್ಟದೇ ಹೋದಾಗ ಇದು ಏನು ಮಾಡಬೇಕು? ಉತ್ತರ ಒಂದೇ: ಮೇಲೆ ಬರಬೇಕು. ಸಂಕೇತ ತಪ್ಪಿದ ಕೆಲವು ಕ್ಷಣಗಳಲ್ಲಿ ಒಳಗಿನ ಸರ್ಕ್ಯೂಟು ತಾನಾಗಿಯೇ ತೊಟ್ಟಿಯ ನೀರನ್ನು ಹೊರದಬ್ಬುವಂತೆ ಮಾಡಿರುತ್ತಾರೆ. ಇನ್ನೂ ಸರಳ ಉಪಾಯವೆಂದರೆ, ಮಾದರಿಯನ್ನು ಯಾವಾಗಲೂ ಕೂದಲೆಳೆಯಷ್ಟು ತೇಲುವ ಹಾಗೆಯೇ ಮಾಡುವುದು. ಮುಂದಕ್ಕೆ ಓಡುವಾಗ ರೆಕ್ಕೆಗಳು ಅದನ್ನು ಕೆಳಗೆ ಒತ್ತುತ್ತವೆ, ಮೋಟಾರು ನಿಂತರೆ ತಾನೇ ಮೇಲೇಳುತ್ತದೆ. ಹೊಸಬರು ಇಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಕಟ್ಟುವ ಲೆಕ್ಕವನ್ನೂ ಸ್ವಲ್ಪ ನೋಡೋಣ. ಭಾರತದ ಮೊದಲ ಜಲಾಂತರ್ಗಾಮಿ ಐಎನ್‌ಎಸ್ ಕಲ್ವರಿ ಸೇವೆಗೆ ಸೇರಿದ್ದು 1967ರ ಡಿಸೆಂಬರ್ 8ರಂದು. ಅದೇ ಜಾತಿಯ ಐಎನ್‌ಎಸ್ ಕುರ್ಸುರ 2002ರಿಂದ ವಿಶಾಖಪಟ್ಟಣದ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿದೆ. ಉದ್ದ ಸುಮಾರು 91 ಮೀಟರ್. ತೇಲುವಾಗ ಸುಮಾರು 1,950 ಟನ್, ಮುಳುಗಿದಾಗ ಸುಮಾರು 2,475 ಟನ್. ಇದನ್ನು 96ರಲ್ಲಿ ಒಂದು ಪಾಲಿಗೆ ಇಳಿಸಿದರೆ ಉದ್ದ 95 ಸೆಂಟಿಮೀಟರ್, ಒಂದು ಮಾರಿಗಿಂತ ಕಡಿಮೆ. ಆದರೆ ತೂಕವನ್ನು 96ರಿಂದ ಮೂರು ಸಲ ಭಾಗಿಸಬೇಕಲ್ಲ! 2,475 ಟನ್ ಹೋಗಿ 2.8 ಕಿಲೋ ಉಳಿಯುತ್ತದೆ. ಅಷ್ಟರಲ್ಲೇ ಬ್ಯಾಟರಿ, ಮೋಟಾರು, ರಿಸೀವರು, ಸರ್ವೊ ಎಲ್ಲ ಹಿಡಿಯಬೇಕು. ಮುಳುಗಲು ಒಳಗೆ ಬಿಟ್ಟುಕೊಳ್ಳಬೇಕಾದ ನೀರು ಸುಮಾರು 600 ಗ್ರಾಂ. ಇದನ್ನು ಎಳೆದುಕೊಳ್ಳಲು ಮೋಟಾರಿನಿಂದ ತಳ್ಳುವ ದೊಡ್ಡ ಪಿಚಕಾರಿಯಂಥ ಕೊಳವೆ ಬಳಸುವುದು ಒಂದು ಪದ್ಧತಿ. ಆಸ್ಪತ್ರೆಯ ಸಿರಿಂಜಿನಲ್ಲೇ ಇದರ ಪುಟ್ಟ ರೂಪ ಮಾಡಿ ನೋಡಬಹುದು.

ವಿದ್ಯುತ್ ಭಾಗಗಳೆಲ್ಲ ನೀರು ಹೋಗದ ಒಂದು ಕೊಳವೆಯೊಳಗೆ ಇರುತ್ತವೆ. ಹೊರಗಿನ ಚಂದದ ಮೈಯೊಳಗೆ ನೀರು ಧಾರಾಳವಾಗಿ ಓಡಾಡಬಹುದು, ಕೊಳವೆಯೊಳಗೆ ಮಾತ್ರ ಒಂದು ಹನಿಯೂ ಸೇರಬಾರದು. ಅಂಗೈಯಗಲದ ಮುಚ್ಚಳದ ಮೇಲೆ, ಅಂದರೆ 100 ಚದರ ಸೆಂಟಿಮೀಟರಿನ ಮೇಲೆ, ಒಂದು ಮೀಟರ್ ಆಳದಲ್ಲಿ ನೀರು 10 ಕಿಲೋ ಭಾರದಷ್ಟು ಒತ್ತುತ್ತದೆ. ಈ ಒತ್ತಡಕ್ಕೆ ಎದುರಾಗಿ ನಿಲ್ಲುವುದು ಒಂದು ರಬ್ಬರಿನ ಉಂಗುರ. ಹಾಗಾಗಿ ಪೋಷಣೆಯೆಂದರೆ ಮುಖ್ಯವಾಗಿ ಈ ಉಂಗುರದ ಪೋಷಣೆ. ಪ್ರತಿ ಸಲವೂ ತೆಗೆದು ಒರೆಸಿ, ಕೂದಲು ಮರಳು ಅಂಟಿದೆಯೇ ನೋಡಿ, ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಕೂರಿಸಬೇಕು. ಆಮೇಲೆ ಪಂಕ್ಚರ್ ಅಂಗಡಿಯವರು ಟ್ಯೂಬನ್ನು ತೊಟ್ಟಿಯಲ್ಲಿ ಮುಳುಗಿಸಿ ನೋಡುವ ಹಾಗೆ ಕೊಳವೆಯನ್ನು ಬಕೆಟ್ಟಿನಲ್ಲಿ ಅದುಮಿ ಹಿಡಿದು, ಗುಳ್ಳೆ ಏಳುತ್ತದೆಯೇ ಕಾಯಬೇಕು. ಲವ್‌ಡೇಲ್‌ನಂಥ ತಂಪು ಊರಿನಲ್ಲಿ ಇನ್ನೊಂದು ಜಾಗ್ರತೆ ಬೇಕು. ಬೆಚ್ಚಗಿನ ಕೋಣೆಯಲ್ಲಿ ಮುಚ್ಚಿದ ಗಾಳಿ ತಣ್ಣನೆ ನೀರಿಗಿಳಿದ ಕೂಡಲೇ ಒಳಗೇ ಇಬ್ಬನಿ ಕಟ್ಟುತ್ತದೆ. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗುವ ಸಿಲಿಕಾ ಜೆಲ್ ಪೊಟ್ಟಣವೊಂದನ್ನು ಒಳಗಿಟ್ಟರೆ ಇದಕ್ಕೆ ಪರಿಹಾರ. ಆಟ ಮುಗಿದ ಮೇಲೆ ಕೊಳವೆ ತೆರೆದು ಒಣಗಿಸಿ, ಬ್ಯಾಟರಿ ಹೊರಗೆ ತೆಗೆದಿಡಬೇಕು.

ಇದೆಲ್ಲ ಮಕ್ಕಳಾಟದ ಮಾತು ಎನ್ನುವಿರಾ? 2023ರ ಜೂನ್ 18ರಂದು ಟೈಟಾನಿಕ್ ಹಡಗಿನ ಅವಶೇಷ ನೋಡಲು ಹೊರಟ 'ಟೈಟನ್' ಎಂಬ ನೌಕೆ ಅಟ್ಲಾಂಟಿಕ್ ಸಾಗರದ ಆಳದಲ್ಲಿ ಕುಸಿದು ಅದರಲ್ಲಿದ್ದ ಐವರೂ ಸತ್ತರು. ಅದನ್ನು ವಿಡಿಯೊ ಗೇಮ್ ಆಡುವ ಕೈಗುಂಡಿಯಿಂದ ನಡೆಸುತ್ತಿದ್ದರು ಎಂದು ಜಗತ್ತೆಲ್ಲ ಆಡಿಕೊಂಡಿತು. ಆದರೆ ಒಡೆದದ್ದು ಕೈಗುಂಡಿಯಲ್ಲ, ಕಾರ್ಬನ್ ನಾರಿನ ಹೊರಕವಚ. ಕಟ್ಟೋಣದಲ್ಲೂ ತಪಾಸಣೆಯಲ್ಲೂ ಇದ್ದ ಕೊರತೆಯನ್ನು ಯಾವ ರಿಮೋಟೂ ತುಂಬಿಕೊಡಲಾರದು. ಇದಕ್ಕೆ ಹೋಲಿಸಿ ನೋಡಿ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2010ರಲ್ಲಿ ರೋಸಬ್ 6000 ಎಂಬ ಯಂತ್ರವನ್ನು ಹಿಂದೂ ಮಹಾಸಾಗರದಲ್ಲಿ 5,000 ಮೀಟರಿಗೂ ಆಳಕ್ಕೆ ಇಳಿಸಿದರು. ಒಳಗೆ ಒಬ್ಬ ಮನುಷ್ಯನೂ ಇರಲಿಲ್ಲ. ರೇಡಿಯೊ ಅಲ್ಲಿಗೆ ಮುಟ್ಟುವುದಿಲ್ಲವೆಂದು ಉದ್ದದ ಕೇಬಲ್ ಕಟ್ಟಿಯೇ ಇಳಿಸಿದ್ದರು. ಟೊರೆಸ್ ಕೆವೆಡೊ ಬದುಕಿದ್ದರೆ ಮೆಚ್ಚುತ್ತಿದ್ದರು.

ಗಡಿಯಾಚೆ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ನಮಗೆ ಈ ವಿಷಯ ಇಷ್ಟವಾಗಲು ಇನ್ನೊಂದು ಕಾರಣವಿದೆ. 'ಜಲಾಂತರ್ಗಾಮಿ', 'ಉತ್ಪ್ಲವನ' ಎಂಬ ಪದಗಳನ್ನು ಮಗು ಪರೀಕ್ಷೆಗೆಂದು ಬಾಯಿಪಾಠ ಮಾಡುತ್ತದೆ, ಪರೀಕ್ಷೆ ಮುಗಿದರೆ ಮರೆಯುತ್ತದೆ. ಆದರೆ ತೇಲು, ಮುಳುಗು, ಒತ್ತು, ಸೋರು, ಒಣಗಿಸು ಎಂಬುವು ಅದರ ಮನೆಯ ಮಾತುಗಳು. ಒಂದು ಬಾಟಲಿ, ಒಂದು ಮುಚ್ಚಳ, ಒಂದು ಸಿರಿಂಜು ಕೈಗೆ ಕೊಟ್ಟರೆ ಇಡೀ ವಿಜ್ಞಾನವನ್ನು ಆ ಮಾತುಗಳಲ್ಲೇ ಅದು ನಮಗೆ ತಿರುಗಿ ಹೇಳುತ್ತದೆ. ದಡದಲ್ಲಿ ನಿಂತು ಕೂಗುವುದಕ್ಕಿಂತ ದಡದಲ್ಲಿ ಕೂತು ಉಂಗುರ ಒರೆಸುವುದು ದೊಡ್ಡ ಕೆಲಸ ಎಂಬುದೂ ಆಗ ತಾನಾಗಿ ತಿಳಿಯುತ್ತದೆ. ನೀರಿಗೆ ಇಳಿದ ಮೇಲೆ ನಮ್ಮ ಮಾತು ಕೇಳಿಸುವುದಿಲ್ಲ. ಹೇಳಬೇಕಾದ್ದನ್ನೆಲ್ಲ ಇಳಿಸುವ ಮೊದಲೇ ಅದರೊಳಗೆ ಇಟ್ಟು ಕಳಿಸಬೇಕು.