ಜಾಮ್ ಎಂಬ ಇಕ್ಕಟ್ಟು

2017ರ ಜುಲೈ 25ರ ಸಂಜೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ಗೆ ಬೇಗ ಬಂದವರ ಕೈಗೆ ಒಂದೊಂದು ಡೋನಟ್ ಸಿಕ್ಕಿತು. ಅದರ ಹೊಟ್ಟೆಯಲ್ಲಿ ಹಣ್ಣಿನ ಜಾಮ್. ಫಿಶ್ ಎಂಬ ಬ್ಯಾಂಡ್ ಆ ಬೇಸಿಗೆಯಲ್ಲಿ ಅಲ್ಲಿ 13 ರಾತ್ರಿ ನುಡಿಸಿತು. ರಾತ್ರಿಗೊಂದು ಬಗೆಯ ಡೋನಟ್, ಅದಕ್ಕೆ ಒಪ್ಪುವ ಹಾಡುಗಳು, ಒಮ್ಮೆ ಹಾಡಿದ್ದನ್ನು ಮತ್ತೆ ಹಾಡುವುದಿಲ್ಲ ಎಂಬ ಪಣ. ಕೊನೆಗೆ ಲೆಕ್ಕ ಹಾಕಿದಾಗ 237 ಹಾಡುಗಳಾಗಿದ್ದವು. ಜಾಮ್ ರಾತ್ರಿಯನ್ನು ಹೆಸರಲ್ಲೇ ಜಾಡಿಯಿರುವ ‘ಸ್ಯಾಂಪಲ್ ಇನ್ ಎ ಜಾರ್’ನಿಂದ ಶುರುಮಾಡಿದರು. ಆಮೇಲೆ ಬಂದದ್ದು ‘ಲಾನ್ ಬಾಯ್’. ಮಾಮೂಲಿಯಾಗಿ ಮೂರು ನಿಮಿಷದಲ್ಲಿ ಮುಗಿದುಹೋಗುವ, ಕೇಳುಗರು ಕಾಲು ಸಡಿಲ ಮಾಡಿಕೊಳ್ಳಲು ಬಳಸುವ ಲಘುಗೀತೆ ಅದು. ಅಂದು ಅರ್ಧ ಗಂಟೆಯ ಹತ್ತಿರ ಹೋಯಿತು. ಅಲ್ಲಿದ್ದವರು ಇವತ್ತಿಗೂ ಅದನ್ನು ಎತ್ತಿಕೊಂಡು ಕೂತರೆ ಬೇಗ ಏಳುವುದಿಲ್ಲ.

ತಿನ್ನುವ ಜಾಮ್, ನುಡಿಸುವ ಜಾಮ್ ಒಂದೇ ಪದವೇ? ಒಂದೇ ಬೇರಿನವು ಎಂದು ಹೇಳಬಹುದು. ಆದರೆ ಆ ಬೇರು ಎಲ್ಲಿಯದೆಂದು ಯಾರಿಗೂ ಖಚಿತವಿಲ್ಲ. ಇಂಗ್ಲಿಷಿನಲ್ಲಿ ‘ಅದುಮು, ಒತ್ತಿ ತುರುಕು, ಸಿಕ್ಕಿಸು’ ಎಂಬ ಕ್ರಿಯಾಪದವಾಗಿ ಇದು ಕಾಣಿಸಿಕೊಂಡದ್ದು 18ನೇ ಶತಮಾನದ ಆರಂಭದಲ್ಲಿ. ಹಣ್ಣನ್ನು ಅದುಮಿ ಸಕ್ಕರೆಯಲ್ಲಿ ಕುದಿಸಿದ್ದಕ್ಕೆ ಅದೇ ಹೆಸರು ಬಂದದ್ದು ಕೆಲವು ದಶಕಗಳ ನಂತರ. 1755ರಲ್ಲಿ ನಿಘಂಟು ಹೊರತಂದ ಸ್ಯಾಮ್ಯುಯಲ್ ಜಾನ್ಸನ್ ಹಣ್ಣಿನ ಜಾಮ್‌ಗೆ ಅರ್ಥ ಕೊಟ್ಟು, ಪದದ ಮೂಲ ತನಗೆ ತಿಳಿಯದು ಎಂದು ಒಪ್ಪಿಕೊಂಡ. ‘ಚಾಂಪ್’, ಅಂದರೆ ಸದ್ದು ಮಾಡುತ್ತ ಅಗಿಯುವುದು, ಅದರಿಂದ ಬಂದಿರಬಹುದು ಎಂಬುದು ನಂತರದವರ ಊಹೆ. ಈ ಅಗಿಯುವ ಪದವನ್ನು ನೆನಪಿಟ್ಟುಕೊಳ್ಳಿ, ಅದರ ಸೋದರನೊಬ್ಬ ಮುಂದೆ ಬರುತ್ತಾನೆ.

ಅಮೆರಿಕದ ನದಿಗಳಲ್ಲಿ ತೇಲಿಬಿಟ್ಟ ಮರದ ದಿಮ್ಮಿಗಳು ಒಂದಕ್ಕೊಂದು ಸಿಕ್ಕಿಕೊಂಡರೆ ಜಾಮ್. ಯಂತ್ರ ತಿರುಗದೆ ನಿಂತರೆ ಜಾಮ್. 20ನೇ ಶತಮಾನದಲ್ಲಿ ಕಾರುಗಳು ನಿಂತರೂ ಜಾಮ್. ಇಲ್ಲಿಯವರೆಗೆ ಪದದ ಚರಿತ್ರೆಯೆಲ್ಲ ಇಕ್ಕಟ್ಟಿನದೇ.

1920ರ ದಶಕದ ಕೊನೆಯ ಹೊತ್ತಿಗೆ ಜಾಝ್ ಸಂಗೀತಗಾರರು ಇದನ್ನು ಎತ್ತಿಕೊಂಡರು. ಮುಂದೆ ಬರೆದ ಸ್ವರಲಿಪಿ ಇಲ್ಲ, ವಾದಕರೆಲ್ಲ ಸೇರಿ ಆ ಗಳಿಗೆಯಲ್ಲಿ ಹೊಳೆದದ್ದನ್ನು ನುಡಿಸುತ್ತಾರೆ. ಇದಕ್ಕೆ ಯಾಕೆ ಈ ಹೆಸರು? ಸಣ್ಣ ಜಾಗದಲ್ಲಿ ಒತ್ತೊತ್ತಾಗಿ ಕೂರುತ್ತಿದ್ದುದಕ್ಕೆ ಎನ್ನುವವರಿದ್ದಾರೆ, ಬ್ರೆಡ್ಡಿನ ಮೇಲಿನ ಜಾಮಿನಂತೆ ಹೆಚ್ಚುವರಿ ಸಿಹಿ ಎಂಬ ಅರ್ಥದಲ್ಲಿ ಎನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಹಿಡಿಸುತ್ತದೆ, ಅದಕ್ಕೆ ಆಧಾರ ಕೇಳಬೇಡಿ. ದುಡ್ಡಿಗಾಗಿ ನುಡಿಸಿ ಮುಗಿದ ಮೇಲೆ, ನಡುರಾತ್ರಿ ದಾಟಿ, ತಮ್ಮ ಖುಷಿಗೆ ನುಡಿಸುವುದು ಜಾಮ್ ಸೆಷನ್. ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸಿನಲ್ಲಿ 1940ರ ದಶಕದ ಆರಂಭದಲ್ಲಿ ಥೆಲೋನಿಯಸ್ ಮಾಂಕ್, ಕೆನ್ನಿ ಕ್ಲಾರ್ಕ್ ಇಂಥ ಕೂಟ ನಡೆಸಿದರು. 1944ರಲ್ಲಿ ನಾರ್ಮನ್ ಗ್ರಾಂಝ್ ಲಾಸ್ ಏಂಜಲೀಸಿನಲ್ಲಿ ಅದನ್ನೇ ಟಿಕೆಟ್ ಇಟ್ಟು ವೇದಿಕೆಗೆ ತಂದರು. ಟಿಕೆಟ್ ಕೊಂಡವನಿಗೆ ಚೆನ್ನಾಗಿಲ್ಲ ಎನ್ನುವ ಹಕ್ಕೂ ಬಂತು.

ಆ ಹಕ್ಕನ್ನು ಪೂರ್ತಿ ಚಲಾಯಿಸಿದವರು ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಅಭಿಮಾನಿಗಳು. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ತಂಡ, ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ 1995ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 2300 ಕಛೇರಿ ಕೊಟ್ಟಿತು. ಅವರ ‘ಡಾರ್ಕ್ ಸ್ಟಾರ್’ 1968ರ ಬಿಡಿ ತಟ್ಟೆಯಲ್ಲಿ ಮೂರು ನಿಮಿಷವೂ ಇಲ್ಲ, ಮರುವರ್ಷದ ‘ಲೈವ್/ಡೆಡ್’ನಲ್ಲಿ 23 ನಿಮಿಷ. ಕೇಳುಗರು ಮೈಕು, ಟೇಪ್ ರೆಕಾರ್ಡರ್ ಹೊತ್ತು ಬಂದರು. ಬ್ಯಾಂಡು ತಡೆಯಲಿಲ್ಲ, 1984ರಿಂದ ಅವರಿಗೆಂದೇ ಪ್ರತ್ಯೇಕ ಜಾಗ ಕೊಟ್ಟಿತು. ಕ್ಯಾಸೆಟ್ ಮಾರಬಾರದು, ಬದಲಾಯಿಸಿಕೊಳ್ಳಬಹುದು ಎಂಬುದೊಂದೇ ಕಟ್ಟಳೆ. ಹೀಗೆ ನೆನಪಿಗೆ ಸಾಕ್ಷಿ ಸಿಕ್ಕಿತು, ಜಗಳಕ್ಕೂ.

1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲಿನಲ್ಲಿ ನಡೆದ ಕಛೇರಿಯನ್ನೇ ನೋಡಿ. ತಂಡದ ಧ್ವನಿಮುದ್ರಕಿ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅವರ ಟೇಪಿನಿಂದಾಗಿ ಅದು ಮನೆಮನೆ ತಲುಪಿತು, 2012ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಯನ್ನೂ ಸೇರಿತು. ಇದಕ್ಕಿಂತ ಮೇಲಿಲ್ಲ ಎಂದು ಒಂದು ಪಂಗಡ. ಮಾರನೆಯ ರಾತ್ರಿ ಬಫೆಲೋದಲ್ಲಿ ನುಡಿಸಿದ್ದೇ ಮೇಲು, ಟೇಪು ಸ್ವಚ್ಛವಾಗಿದ್ದುದಕ್ಕೆ ಕಾರ್ನೆಲ್‌ಗೆ ಕಿರೀಟ ಸಿಕ್ಕಿತಷ್ಟೆ ಎಂದು ಇನ್ನೊಂದು. ಎರಡನೆಯವರ ಮಾತಿನಲ್ಲಿ ಹುರುಳಿದೆ. ಆದರೆ ‘ಸ್ಕಾರ್ಲೆಟ್ ಬಿಗೋನಿಯಾಸ್’ ಎಲ್ಲಿ ಮುಗಿದು ‘ಫೈರ್ ಆನ್ ದ ಮೌಂಟನ್’ ಎಲ್ಲಿ ಶುರುವಾಯಿತೆಂದು ಗೆರೆ ಎಳೆಯಲಾಗದ ಆ ರಾತ್ರಿಯ ಹೊಂದಿಕೆ ಕೇಳಿದ ಮೇಲೆ ವಾದ ತಾನಾಗಿ ಸಣ್ಣದಾಗುತ್ತದೆ.

‘ಜಾಮ್ ಬ್ಯಾಂಡ್’ ಎಂಬ ಜೋಡಿಪದ ಬಳಕೆಗೆ ಬಂದದ್ದು 1990ರ ದಶಕದಲ್ಲಿ. 1998ರಲ್ಲಿ ಡೀನ್ ಬಡ್ನಿಕ್ ಆ ಹೆಸರಿನಲ್ಲೇ ಪುಸ್ತಕ ಬರೆದರು. ಅಷ್ಟರಲ್ಲಿ, 1983ರಲ್ಲಿ ವರ್ಮಾಂಟ್‌ನಲ್ಲಿ ಶುರುವಾದ ಫಿಶ್‌ನ ಅಭಿಮಾನಿಗಳು ಮೀಮಾಂಸೆಯನ್ನೇ ಕಟ್ಟಿಬಿಟ್ಟಿದ್ದರು. ಹಾಡಿನ ಚೌಕಟ್ಟಿನೊಳಗೇ ಬೆಳೆಯುವುದು ಟೈಪ್ ಒನ್ ಜಾಮ್, ಚೌಕಟ್ಟು ಮುರಿದು ಗುರುತು ಸಿಗದ ಕಡೆ ಹೋಗುವುದು ಟೈಪ್ ಟೂ. ಗುರಿಯಿಲ್ಲದೆ ತಂತಿ ಕೆರೆಯುತ್ತಿದ್ದರೆ ‘ನೂಡ್ಲಿಂಗ್’. ಜಾಮ್ ಅರಳುವ ಹೊತ್ತಿಗೆ ಗಿಟಾರ್ ವಾದಕ ಟ್ರೇ ಅನಸ್ಟಾಸಿಯೊ ತಟ್ಟನೆ ಬೇರೆ ಹಾಡಿಗೆ ಹಾರಿದರೆ ‘ರಿಪ್‌ಕಾರ್ಡ್’, ಪ್ಯಾರಾಚೂಟಿನ ದಾರ ಎಳೆದಂತೆ. 1997ರ ನವೆಂಬರ್ 29ರಂದು ವೂಸ್ಟರ್‌ನಲ್ಲಿ ‘ರನ್‌ಅವೇ ಜಿಮ್’ ಹಾಡು ಗಂಟೆಯ ಹತ್ತಿರ ಓಡಿದ್ದನ್ನು ಹೇಳುವಾಗ ಕೆಲವರಿಗೆ ರೋಮಾಂಚನ, ಕೆಲವರಿಗೆ ಆಕಳಿಕೆ. ಕಛೇರಿಯ ನಡುವೆ ಗಟ್ಟಿಯಾಗಿ ಹರಟುವವರಿಗೂ ಒಂದು ಬೈಗುಳವಿದೆ: ‘ಚಾಂಪರ್’. ಅದು ‘ಚಾಂಪ್’ನ ಇನ್ನೊಂದು ರೂಪದಿಂದ ಬಂದದ್ದು. ಊಹೆ ನಿಜವಾದರೆ, ಜಾಮ್ ಮತ್ತು ಅದನ್ನು ಕೆಡಿಸುವವ ಇಬ್ಬರೂ ಒಂದೇ ಅಗಿತದ ಮಕ್ಕಳು!

ಈ ಪದದ ಹಳೆಯ ಅರ್ಥ ಹೊಸದರ ಮೇಲೆ ಸೇಡು ತೀರಿಸಿಕೊಂಡದ್ದು 2004ರ ಆಗಸ್ಟ್ 14, 15ರಂದು. ಫಿಶ್ ಬೀಳ್ಕೊಡುಗೆಯೆಂದು ವರ್ಮಾಂಟ್‌ನ ಕೊವೆಂಟ್ರಿಯಲ್ಲಿ ಉತ್ಸವ ಇಟ್ಟುಕೊಂಡಿತ್ತು. ಮಳೆ ಹೊಯ್ದು ಬಯಲು ಕೆಸರಾಯಿತು, ಹೆದ್ದಾರಿಯಲ್ಲಿ ಕಾರುಗಳು ಮೈಲಿಗಟ್ಟಲೆ ನಿಂತವು. ಇನ್ನೂ ಒಳಗೆ ಬಾರದವರು ವಾಪಸ್ ಹೋಗಿ ಎಂದು ಬಾಸ್ ವಾದಕ ಮೈಕ್ ಗಾರ್ಡನ್ ರೇಡಿಯೊದಲ್ಲಿ ಹೇಳಬೇಕಾಯಿತು. ಸಾವಿರಾರು ಜನ ಕಾರುಗಳನ್ನು ರಸ್ತೆಬದಿಯಲ್ಲೇ ಬಿಟ್ಟು ನಡೆದು ಬಂದರು. ಅಷ್ಟು ನಡೆದು ಬಂದವರಿಗೆ ಕೇಳಿಸಿದ್ದೇನು? ಪಾಠ ತಪ್ಪಿದ ‘ಗ್ಲೈಡ್’, ಒಬ್ಬರೊಬ್ಬರ ಕಿವಿಗೆ ಬೀಳದ ನಾಲ್ವರು, ಹಾಡುತ್ತ ಅತ್ತುಬಿಟ್ಟ ಕೀಬೋರ್ಡ್ ವಾದಕ ಪೇಜ್ ಮೆಕ್‌ಕಾನೆಲ್. ಅನಸ್ಟಾಸಿಯೊ ಆಗ ಮಾದಕ ವ್ಯಸನದಲ್ಲಿದ್ದರು, ಅದನ್ನು ಮುಂದೆ ತಾವೇ ಹೇಳಿಕೊಂಡರು. ರಸ್ತೆಯೂ ಜಾಮ್, ಸಂಗೀತವೂ ಜಾಮ್. 2009ರಲ್ಲಿ ತಂಡ ಮತ್ತೆ ಕೂಡಿದ ಮೇಲೂ ಅಭಿಮಾನಿಗಳು ಕೊವೆಂಟ್ರಿಯನ್ನು ಕ್ಷಮಿಸಿಲ್ಲ, ಮರೆತೂ ಇಲ್ಲ. ಚೆನ್ನಾದದ್ದನ್ನು ನೆನೆಯುವಷ್ಟೇ ಶ್ರದ್ಧೆಯಿಂದ ಕೆಟ್ಟದ್ದನ್ನೂ ಬಿಡಿಸಿ ಹೇಳುವುದು ಈ ಬಳಗದ ನಿಜವಾದ ರಸಿಕತನ.

ಕನ್ನಡಕ್ಕೆ ಬಂದ ಜಾಮ್ ನಟ್ಟು ಬೋಲ್ಟಿನಲ್ಲಿ, ಬಾಟಲಿಯಲ್ಲಿ, ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ನೆಲೆಯೂರಿದೆ. ರಾತ್ರಿಯ ‘ಜಾವ’ ಇದರ ನೆಂಟನಲ್ಲ, ಅದು ಸಂಸ್ಕೃತದ ಯಾಮ. ಚೆನ್ನಾಗಿ ಹಾಡಿದವನನ್ನು ‘ಜಮಾಯಿಸಿಬಿಟ್ಟ’ ಎನ್ನುತ್ತೇವಲ್ಲ, ಕಿವಿಗೆ ಹತ್ತಿರ ಕೇಳಿದರೂ ಅದೂ ಇದರ ನೆಂಟನಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಲಾವಿದರು ಜಾಝ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ‘ಜ್ಯೋತಿ’ ಧ್ವನಿಮುದ್ರಿಕೆ ಮಾಡಿದ್ದು 1983ರಲ್ಲಿ, ಹಾಗಾಗಿ ಇಂಥ ಸಂಗೀತ ನಮಗೆ ಹೊಸದೇನಲ್ಲ. ಹೀಗಿದ್ದೂ ಪತ್ರಿಕೆಗಳು ಜಾಮ್ ಸೆಷನ್ ಅನ್ನು ‘ಜುಗಲ್‌ಬಂದಿ’ ಮಾಡಿಬಿಡುತ್ತವೆ. ಜುಗಲ್‌ಬಂದಿ ಇಬ್ಬರದು, ಅದಕ್ಕೊಂದು ರಾಗದ ಕಟ್ಟುಂಟು. ಜಾಮ್ ಎಷ್ಟು ಜನರದಾದರೂ ಆದೀತು, ಕಟ್ಟು ಕಳಚಿಹೋಗುವುದಕ್ಕೂ ಅಲ್ಲಿ ಅವಕಾಶವುಂಟು. ವರದಿ ಬರೆಯುವವರು ದಯವಿಟ್ಟು ಜಾಮ್ ಅನ್ನು ಜಾಮ್ ಎಂದೇ ಬರೆಯಲಿ, ನಿಘಂಟು ಪರಿಷ್ಕರಿಸುವವರು ಹಣ್ಣು ಮತ್ತು ಟ್ರಾಫಿಕ್ಕಿನ ಕೆಳಗೆ ಮೂರನೆಯ ಅರ್ಥಕ್ಕೂ ಒಂದು ಸಾಲು ಕೊಡಲಿ.