ಸುಟ್ಟ ಮನೆಯೊಂದರ ಸಾಲ

ಫಿಜಿಯ ರಾಜಧಾನಿ ಸುವಾದ ಎದುರಿಗೆ ನುಕುಲಾವ್ ಎಂಬ ಪುಟ್ಟ ದ್ವೀಪವಿದೆ. 1840ರ ದಶಕದಲ್ಲಿ ಅಲ್ಲಿ ಮನೆ ಕಟ್ಟಿಕೊಂಡಿದ್ದವನು ಅಮೆರಿಕದ ಪ್ರತಿನಿಧಿ ಜಾನ್ ಬ್ರೌನ್ ವಿಲಿಯಮ್ಸ್. ಮ್ಯಾಸಚೂಸೆಟ್ಸ್‌ನ ಬಂದರು ಊರು ಸೇಲಂನವನು. ಫಿಜಿಗೆ ಬರುವ ಮೊದಲು ನ್ಯೂಜಿಲೆಂಡಿನಲ್ಲಿ ಕಾನ್ಸುಲ್ ಆಗಿದ್ದ.

ಆ ಕಾಲದ ಕಾನ್ಸುಲ್‌ಗಳನ್ನು ಇಂದಿನ ರಾಯಭಾರಿಗಳಂತೆ ಊಹಿಸಿಕೊಳ್ಳಬಾರದು. ಇಂಥ ದೂರದ ಬಂದರುಗಳಲ್ಲಿ ಅವರ ಹೊಟ್ಟೆಪಾಡು ನಡೆಯುತ್ತಿದ್ದುದು ಶುಲ್ಕದಿಂದ, ಸ್ವಂತ ವ್ಯಾಪಾರದಿಂದ. ಹೀಗಾಗಿ ವ್ಯಾಪಾರಿಯ ನಷ್ಟಕ್ಕೆ ದೇಶದ ಧ್ವಜ ಹೊದಿಸುವುದು ಸುಲಭವಾಗಿತ್ತು.

1849ರ ಜುಲೈ 4. ಅಮೆರಿಕದ ಸ್ವಾತಂತ್ರ್ಯ ದಿನದ ಸಂಭ್ರಮದ ನಡುವೆ ವಿಲಿಯಮ್ಸ್‌ನ ಮನೆಗೆ ಬೆಂಕಿ ಬಿತ್ತು. ಸ್ಥಳೀಯರು ಸಿಕ್ಕಿದ ಸಾಮಾನು ಹೊತ್ತೊಯ್ದರು. ಆತ ಕೇಳಿದ ಪರಿಹಾರ 5,001 ಡಾಲರ್ 38 ಸೆಂಟ್. ಸೆಂಟಿನವರೆಗೂ ಲೆಕ್ಕ!

ಕೊಡಬೇಕಾದವರು ಯಾರು? ನುಕುಲಾವ್ ಇದ್ದದ್ದು ರೇವಾ ಸೀಮೆಯಲ್ಲಿ. ಆದರೆ ಬಿಲ್ಲು ಹೋದದ್ದು ಬಾವು ದ್ವೀಪದ ಮುಖ್ಯಸ್ಥ ಥಾಕೊಂಬಾವುಗೆ. ವಿದೇಶಿಯರು ಅವನನ್ನು ‘ಫಿಜಿಯ ರಾಜ’ ಎಂದು ಕರೆಯುತ್ತಿದ್ದರು. ಆ ಬಿರುದು ಅವನಿಗೂ ಹಿತವಾಗಿತ್ತು. ರಾಜನಾದರೆ ಎಲ್ಲರ ಸಾಲಕ್ಕೂ ಹೊಣೆಯಲ್ಲವೇ? ಇತರ ಅಮೆರಿಕನ್ನರ ದೂರುಗಳೂ ಸೇರಿ, 1855ರಲ್ಲಿ ‘ಜಾನ್ ಆಡಮ್ಸ್’ ಯುದ್ಧನೌಕೆ ಬಂದು ನಿಂತಾಗ ಮೊತ್ತ 43,000 ಡಾಲರ್ ದಾಟಿತ್ತು. 1858ರಲ್ಲಿ ಇನ್ನೊಂದು ನೌಕೆ ಬಂತು.

ದಿಕ್ಕು ತೋಚದ ಥಾಕೊಂಬಾವು, ಸಾಲ ತೀರಿಸಿದರೆ ದ್ವೀಪಗಳನ್ನೂ 2,00,000 ಎಕರೆ ನೆಲವನ್ನೂ ಕೊಡುತ್ತೇನೆಂದು ಬ್ರಿಟನ್ನಿಗೆ ಹೇಳಿಕಳಿಸಿದ. ಬ್ರಿಟನ್ 1862ರಲ್ಲಿ ಬೇಡವೆಂದಿತು. ವಿಲಿಯಮ್ಸ್ 1860ರಲ್ಲೇ ತೀರಿಕೊಂಡಿದ್ದ. ಸಾಲ ಮಾತ್ರ ಬದುಕಿತ್ತು. ಕೊನೆಗೆ 1868ರಲ್ಲಿ ಮೆಲ್ಬರ್ನ್‌ನ ಪಾಲಿನೇಷಿಯಾ ಕಂಪನಿ, ನೆಲದ ಆಸೆಗೆ ಸಾಲವನ್ನು ತಲೆಮೇಲೆ ಹೊತ್ತುಕೊಂಡಿತು. ಹಾಗೆ ಕೈಬದಲಾದ ನೆಲದಲ್ಲೇ ಇಂದಿನ ಸುವಾ ಇದೆ.

1874ರ ಅಕ್ಟೋಬರ್ 10ರಂದು ಫಿಜಿ ಬ್ರಿಟಿಷರ ವಸಾಹತಾಯಿತು. ಇದಕ್ಕೆ ಸಾಲವೊಂದೇ ಕಾರಣವಲ್ಲ. ಹತ್ತಿ ಬೆಳೆಯಲು ಬಂದ ಬಿಳಿಯರ ಒತ್ತಡ, ಮುಖ್ಯಸ್ಥರ ನಡುವಿನ ಕಾದಾಟ ಎಲ್ಲವೂ ಇದ್ದವು. ಆದರೆ ಬಿಟ್ಟುಕೊಡುವ ಮಾತು ಮೊದಲು ಎದ್ದದ್ದು ಆ ಸಾಲದ ಹೆದರಿಕೆಯಿಂದ.

ಇಲ್ಲಿಂದ ಕಥೆ ನಮ್ಮ ಕಡೆಗೆ ಹೊರಳುತ್ತದೆ. ಫಿಜಿಯವರನ್ನು ತೋಟದ ಕೂಲಿಗೆ ಎಳೆಯಬಾರದೆಂದು ಗವರ್ನರ್ ಆರ್ಥರ್ ಗಾರ್ಡನ್ ನಿರ್ಧರಿಸಿದ. ಬದಲಿಗೆ ಭಾರತೀಯರನ್ನು ತರಿಸಿದ. 1879ರ ಮೇ 14ರಂದು ಕಲ್ಕತ್ತೆಯಿಂದ ‘ಲಿಯೋನಿಡಾಸ್’ ಹಡಗು ಬಂತು. 1903ರಿಂದ ಮದ್ರಾಸ್ ಬಂದರಿನಿಂದಲೂ ಹಡಗುಗಳು ಹೊರಟವು. 1916ರವರೆಗೆ ಹೋದವರು 60,000ಕ್ಕೂ ಹೆಚ್ಚು. ಅವರ ಬಾಯಲ್ಲಿ ‘ಗಿರ್ಮಿಟ್’ ಎಂದರೆ ಹುಬ್ಬಳ್ಳಿಯ ಮಂಡಕ್ಕಿಯಲ್ಲ. ‘ಅಗ್ರಿಮೆಂಟ್’ ಎಂಬ ಪದ ಸವೆದು ಆದದ್ದು. ಐದು ವರ್ಷದ ಕಬ್ಬಿನ ಗದ್ದೆಯ ಜೀತ.

ಹೀಗೆ ಬಂದವರಲ್ಲಿ ಬಹುಪಾಲು ಜನರನ್ನು ಮೊದಲು ಇಳಿಸಿ, ರೋಗ ತಪಾಸಣೆಗೆಂದು ಇರಿಸುತ್ತಿದ್ದುದು ಎಲ್ಲಿ? ಅದೇ ನುಕುಲಾವ್‌ನಲ್ಲಿ. 2000ದ ಮೇ 19ರಂದು, ಗಿರ್ಮಿಟಿಯರ ವಂಶದ ಪ್ರಧಾನಿ ಮಹೇಂದ್ರ ಚೌಧರಿಯನ್ನು ಒತ್ತೆಯಿಟ್ಟ ಜಾರ್ಜ್ ಸ್ಪೈಟ್‌ನನ್ನು ಮುಂದೆ ಸೆರೆಯಲ್ಲಿಟ್ಟದ್ದೂ ಅಲ್ಲೇ.

ವಿಲಿಯಮ್ಸ್ ಕೇಳಿದ್ದು ತನ್ನ ಮನೆ, ಸಾಮಾನಿನ ಬೆಲೆ. ಆ ಲೆಕ್ಕದಲ್ಲಿ ತಮ್ಮ ಹೆಸರೇ ಇಲ್ಲದವರು ಅದನ್ನು ತಲೆಮಾರುಗಟ್ಟಲೆ ತೀರಿಸಬೇಕಾಯಿತು.