ಪೋರ್ಚುಗೀಸರ ಹೊನ್ನಿನ ನಾಣ್ಯಗಳೂ ಅವುಗಳ ನಾಮಧೇಯಗಳೂ

ನಾಣ್ಯದ ಮೇಲಿನ ಮುದ್ರೆ ಸವೆದುಹೋದರೂ ಜನರ ನಾಲಗೆಯ ಮೇಲೆ ಅದರ ಹೆಸರು ಬಹುಕಾಲ ಉಳಿಯುತ್ತದೆ. ಪೋರ್ಚುಗೀಸರ ಹೊನ್ನಿನ ನಾಣ್ಯಗಳ ಹೆಸರುಗಳನ್ನು ಪರಿಶೀಲಿಸಿದರೆ, ಭಕ್ತಿ, ರಾಜಸತ್ತೆ, ವ್ಯಾಪಾರ ಈ ಮೂರೂ ಆ ಕಾಲದಲ್ಲಿ ಹೇಗೆ ಹೆಣೆದುಕೊಂಡಿದ್ದವೆಂಬುದನ್ನು ನಾವು ಅರಿಯಬಹುದು.

1453ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವು ತುರ್ಕರ ವಶವಾಯಿತು. ಅದನ್ನು ಮರಳಿ ಪಡೆಯಲು ಜಗದ್ಗುರು ಮೂರನೆಯ ಕಲಿಸ್ತರು ಶಿಲುಬೆಯ ಯುದ್ಧಕ್ಕೆ ಕರೆಯಿತ್ತರು. ಪೋರ್ಚುಗಲ್ಲಿನ ಅರಸ ಐದನೆಯ ಅಫೋನ್ಸೋ ಆ ಕರೆಗೆ ಓಗೊಟ್ಟು, 1457ರಲ್ಲಿ ಆಫ್ರಿಕದ ಗಿನಿಯಿಂದ ಬಂದ ಹೊನ್ನಿನಲ್ಲಿ 'ಕ್ರುಜಾದೊ' ಎಂಬ ನಾಣ್ಯವನ್ನು ಟಂಕಿಸಿದನು. 'ಕ್ರುಜ್' ಎಂದರೆ ಶಿಲುಬೆ. ಕ್ರುಜಾದೊ ಎಂದರೆ ಶಿಲುಬೆಯ ಗುರುತುಳ್ಳದ್ದು. ಆದರೆ 1458ರಲ್ಲಿ ಜಗದ್ಗುರುಗಳು ದೈವಾಧೀನರಾದರು. ಅರಸನ ಸೈನ್ಯವು ಮೊರಾಕೋದತ್ತ ತಿರುಗಿತು. ನಾಣ್ಯವು ಮಾತ್ರ ಶಿಲುಬೆಯ ಹೆಸರನ್ನೇ ಹೊತ್ತು ವರ್ತಕರ ಚೀಲಗಳನ್ನು ಸೇರಿತು. ಅದೇ ಗಿನಿಯ ತೀರದಿಂದ ಹೊನ್ನಿನೊಡನೆ ಮನುಷ್ಯರನ್ನೂ ಸೆರೆಹಿಡಿದು ತಂದು ಮಾರಿದರೆಂಬುದನ್ನು ನಾವು ಮರೆಯಲಾಗದು.

ವಾಸ್ಕೋ ಡ ಗಾಮನು ಭಾರತದಿಂದ ಹಿಂದಿರುಗಿದ 1499ರಲ್ಲಿ ಅರಸ ಮನುವೆಲನು ಹತ್ತು ಕ್ರುಜಾದೊ ಬೆಲೆಯ ಭಾರಿ ನಾಣ್ಯವನ್ನು ಹೊರಡಿಸಿದನು. ನಾಡಿನ ಹೆಸರೇ ಅದರ ಹೆಸರಾಗಿ 'ಪೋರ್ತುಗೇಶ್' ಎನಿಸಿತು. ಇಥಿಯೋಪಿಯ, ಅರೇಬಿಯ, ಪರ್ಷಿಯ, ಭಾರತಗಳ ವಾಣಿಜ್ಯಕ್ಕೆ ತಾನೇ ಒಡೆಯನೆಂಬ ಅರಸನ ಬಿರುದು ಅದರ ಮೇಲಿತ್ತು.

ಅಲ್ಬುಕರ್ಕನು 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡು ಅಲ್ಲಿ ಟಂಕಸಾಲೆಯನ್ನು ತೆರೆದನು. ಮುಂದೆ ಮೂರನೆಯ ಜುವಾಂವ್ ಅರಸನ ಕಾಲದಲ್ಲಿ ಪ್ರೇಷಿತ ಸಂತ ತೋಮಸರ ರೂಪವುಳ್ಳ ಹೊನ್ನಿನ ನಾಣ್ಯವು ಅಲ್ಲಿಂದ ಹೊರಬಂದಿತು. ಜನರು ಅದನ್ನು 'ಸಾಂವ್ ತೋಮೆ' ಎಂದರು.

ಇಷ್ಟಾದರೂ ಎಲ್ಲ ಹೆಸರುಗಳೂ ಲಿಸ್ಬನ್ನಿನಿಂದ ಬಂದವಲ್ಲ. ವಿಜಯನಗರದಲ್ಲಿ ವರಾಹದ ಅರ್ಧ ಬೆಲೆಯ ಹೊನ್ನಿನ ನಾಣ್ಯಕ್ಕೆ 'ಪ್ರತಾಪ' ಎಂಬ ಹೆಸರಿದ್ದಿತು. 1443ರಲ್ಲಿ ಅಲ್ಲಿಗೆ ಬಂದ ಪರ್ಷಿಯದ ರಾಯಭಾರಿ ಅಬ್ದುರ್ ರಜಾಕನು ಇದನ್ನು ಉಲ್ಲೇಖಿಸಿದ್ದಾನೆ. ಈ ಪ್ರತಾಪವೇ ಪೋರ್ಚುಗೀಸರ ಬಾಯಲ್ಲಿ 'ಪರ್ದಾವ್' ಆಗಿ, ಗೋವೆಯ ಲೆಕ್ಕಪತ್ರಗಳಲ್ಲಿ ಶಾಶ್ವತ ಸ್ಥಾನ ಪಡೆಯಿತು. ಅದರ ಜೊತೆಯ 'ಶೆರಫಿಂ' ಎಂಬ ಹೆಸರು 'ಅಶ್ರಫಿ'ಯಿಂದ ಬಂದುದು; ಈಜಿಪ್ಟಿನ ಸುಲ್ತಾನ ಅಲ್ ಅಶ್ರಫ್ ಬರ್ಸ್‌ಬಾಯನ ಬಿರುದೇ ಅದರ ಮೂಲ. ಮುಸಲ್ಮಾನರ ಮೇಲಿನ ಯುದ್ಧಕ್ಕೆಂದು ಕ್ರುಜಾದೊ ಟಂಕಿಸಿದವರ ಸಂತತಿಯೇ ಸುಲ್ತಾನನ ಹೆಸರಿನಲ್ಲಿ ಲೆಕ್ಕ ಬರೆಯಿತು!

ನಾಣ್ಯದ ಮೇಲಿರುವ ರೂಪ ಯಾರದೆಂದು ಪ್ರಭು ಕ್ರಿಸ್ತರು ಅಂದು ಕೇಳಿದರು. ಶಿಲುಬೆಯನ್ನೇ ನಾಣ್ಯಕ್ಕೆ ಒತ್ತಿದ ಕಾಲವೂ ಆ ಪ್ರಶ್ನೆಗೆ ಉತ್ತರ ಕೊಡಬೇಕಾಗಿತ್ತು. ಹೊನ್ನನ್ನು ಕೈಯಲ್ಲಿ ಹಿಡಿಯುವ ನಾವೂ ಅದಕ್ಕೆ ಉತ್ತರ ಕೊಡಬೇಕಾದವರೇ.